ಬಾಗಿಲಿನಿಂದ ಒಂಬತ್ತು ಹೆಜ್ಜೆ

ಕಳೆದ ವರ್ಷ ಮಾರ್ಚ್ ಆರರ ಗುರುವಾರ ಸಂಜೆ ನಾಲ್ಕು ಗಂಟೆ ಮೂರು ನಿಮಿಷಕ್ಕೆ ಡಾಕ್ಟರ್ ವೆಂಡೆಲ್ ನೊವೊಟ್ನಿ ಉಪನ್ಯಾಸ ಕೇಳಲು ಸಭಾಂಗಣದೊಳಕ್ಕೆ ಬಂದರು ಎಂದು ಹಾಜರಿಯಲ್ಲಿದೆ. ಆ ಹೊತ್ತಿಗೆ ಅವರು ಬೆಟ್ಟದ ಬಡಗಣ ಮಗ್ಗುಲಿನ ಕಾಡಿನಲ್ಲಿ ತೊಡೆಯ ಮೂಳೆ ಮುರಿದುಕೊಂಡು ಹಿಮದ ಮೇಲೆ ಬಿದ್ದಿದ್ದರು. ಐದು ಗಂಟೆಗೆ ಅವರ ಹೆಂಡತಿ ನೆಬ್ರಾಸ್ಕಾದ ಮನೆಯಿಂದ ಫೋನು ಮಾಡಿದರು. ಒಳಗಿದ್ದಾರೆ ಎಂಬ ಉತ್ತರ ಬಂತು. ಆರೂಕಾಲಿಗೆ ಮತ್ತೆ ಮಾಡಿದರು. ಅದೇ ಉತ್ತರ. ರಾತ್ರಿ ಹತ್ತರ ಸುಮಾರಿಗೆ ಥಂಡಿಯಿಂದ ಜೀವ ಹೋಯಿತು ಎಂದು ಶವಪರೀಕ್ಷೆ ಮಾಡಿದವರು ಬರೆದರು. ಮಾರನೆಯ ಬೆಳಿಗ್ಗೆ ಆರೂವರೆಗೆ ಅವರು ಮತ್ತೆ ಸಭಾಂಗಣಕ್ಕೆ ಬಂದರು ಎಂದೂ ಹಾಜರಿಯಲ್ಲಿದೆ. ಹೆಣ ಸಿಕ್ಕಿದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ಮಣ್ಣು ಮಾಡಿದ ಹನ್ನೆರಡನೆಯ ದಿನ ಅವರ ಮನೆಗೆ ಒಂದು ಪ್ರಮಾಣಪತ್ರ ಹೋಯಿತು: ಡಾಕ್ಟರ್ ನೊವೊಟ್ನಿ ಇಪ್ಪತ್ತು ಗಂಟೆಗಳ ವೈದ್ಯ ಶಿಕ್ಷಣವನ್ನು ಪೂರ್ತಿಯಾಗಿ ಮುಗಿಸಿದ್ದಾರೆ.

ಎರಡು ಸಲವೂ ಫೋನಿನಲ್ಲಿ 'ಒಳಗಿದ್ದಾರೆ' ಎಂದವರು ಎಲ್ವೀರಾ ಆರ್ಚುಲೆಟಾ. ಆ ಸಭಾಂಗಣದ ಬಾಗಿಲು ಕಾಯುವವರು. ವಯಸ್ಸು ಐವತ್ತೊಂಬತ್ತು.

ಈ ವರ್ಷದ ಮಾರ್ಚ್. ಡಾಕ್ಟರುಗಳ ಅದೇ ಸಮ್ಮೇಳನ, ಅದೇ ಬಾಗಿಲು. ಸೋಮವಾರ ಬೆಳಗಿನ ಐದೂಕಾಲಿಗೆ ಕಣಿವೆಯಾಚೆಯ ಗಲೀನಾ ಊರಿನ ಬಸ್ಸು ಎಲ್ವೀರಾರನ್ನು ಕಾರ್ಬನೇಟ್ ಪೀಕ್ ವಿಹಾರಧಾಮದ ಹಿಂಬಾಗಿಲಲ್ಲಿ ಇಳಿಸಿ ಹೋಗುತ್ತದೆ. ಮುಂಬಾಗಿಲು ಅತಿಥಿಗಳದ್ದು. ಇನ್ನೂ ಕತ್ತಲು. ಮೇಲೆ ಇಳಿಜಾರಿನಲ್ಲಿ ಹಿಮ ಹದಮಾಡುವ ಯಂತ್ರಗಳ ದೀಪಗಳು ಮಾತ್ರ ಮೆಲ್ಲಗೆ ತೆವಳುತ್ತಿವೆ. ಎಲ್ವೀರಾ ಬೂಟಿನ ಹಿಮ ಕೊಡವಿ, ಕರಿಯ ಅಂಗಿ ತೊಟ್ಟು, ಸಭಾಂಗಣದ ಬೀಗ ತೆಗೆಯುತ್ತಾರೆ. ದೀಪ ಹಾಕುವ ಮುಂಚೆ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ನೂರಾ ಅರವತ್ತೆಂಟು ಖಾಲಿ ಕುರ್ಚಿಗಳು ಬೆನ್ನು ತೋರಿಸಿ ಕೂತಿವೆ.

"ಮೊದಲೆಲ್ಲ ದಡಕ್ಕಂತ ಒಳಗೆ ನುಗ್ತಿದ್ದೆ," ಎನ್ನುತ್ತಾರೆ. "ಈಗ ಅಪ್ಪಣೆ ಕೇಳ್ಕೊಂಡು ಹೋಗ್ತೀನಿ."



ಆಗ ಬೆಟ್ಟದ ನೆತ್ತಿಯಲ್ಲಿ ಢಂ ಎನ್ನುತ್ತದೆ. ಬೆಟ್ಟದ ಗಸ್ತಿನವರು ಬೆಳಗಾಗುವ ಮೊದಲೇ ಸಿಡಿಮದ್ದು ಹಾಕಿ, ಕುಸಿಯಬಹುದಾದ ಹಿಮವನ್ನು ತಾವೇ ಕೆಡವುತ್ತಾರೆ. ಚಾವಣಿಯ ಗಾಜಿನ ದೀಪಗುಚ್ಛ ಕಿಣಿಕಿಣಿ ಎಂದು ಸುಮ್ಮನಾಗುತ್ತದೆ. ಎಲ್ವೀರಾ ಸಾಲುಗಳ ನಡುವೆ ನಡೆಯುತ್ತ ಕುರ್ಚಿಗೊಂದರಂತೆ ಕಿರುಪುಸ್ತಕ, ಔಷಧ ಕಂಪನಿಯ ಹೆಸರಿರುವ ಪೆನ್ನು ಇಡುತ್ತಾರೆ. ನಾಲ್ಕನೇ ಸಾಲಿನ ಏಳನೇ ಕುರ್ಚಿಯ ಬಳಿ ಬಂದಾಗ ಕೈ ನಿಲ್ಲುತ್ತದೆ. ಅದರ ಕೆಳಗೆ ನೆಲದಲ್ಲಿ ಅಂಗೈಯಗಲ ನೀರು. ಒಳಗೆ ಇನ್ನೂ ಯಾರೂ ಕಾಲಿಟ್ಟಿಲ್ಲ.

ಕಾಫಿಯ ಪಾತ್ರೆ ತಳ್ಳಿಕೊಂಡು ಬಂದ ಡೆಲ್ಫಿನಾ ಬಗ್ಗಿ ನೋಡುತ್ತಾರೆ. ಇಬ್ಬರೂ ಗಲೀನಾದವರು, ಒಬ್ಬರ ಮಗುವಿಗೆ ಇನ್ನೊಬ್ಬರು ಜ್ಞಾನಸ್ನಾನದ ತಾಯಿ. ಆ ನಂಟಿಗೆ ಅವರಲ್ಲಿ ಕೊಮಾದ್ರೆ ಎನ್ನುತ್ತಾರೆ.

"ಚಾವಣಿ ಸೋರ್ತಿದೆ ಕಣೇ ಕೊಮಾದ್ರೆ."

"ಮೇಲೆ ಇನ್ನೂ ಮೂರು ಮಹಡಿ ಇದೆಯಲ್ಲೇ."

"ಹಂಗಾದ್ರೆ ಮೂರನೇ ಮಹಡಿ ಡಾಕ್ಟರು ಉಚ್ಚೆ ಹೊಯ್ಕೊಂಡಿರ್ಬೇಕು. ಒರೆಸು. ಕೇಳ್ಬೇಡ."

ಎಲ್ವೀರಾ ಒರೆಸುತ್ತಾರೆ. ಮಂಗಳವಾರವೂ ಒರೆಸುತ್ತಾರೆ.

ಈ ಸಮ್ಮೇಳನದ ಲೆಕ್ಕಾಚಾರ ಗೊತ್ತಿರುವುದೇ. ಡಾಕ್ಟರುಗಳು ತಮ್ಮ ಪರವಾನಗಿ ಉಳಿಸಿಕೊಳ್ಳಲು ವರ್ಷಕ್ಕಿಷ್ಟು ಗಂಟೆ ಹೊಸದನ್ನು ಕಲಿತೆವೆಂದು ತೋರಿಸಬೇಕು. ಕಲಿಯುವುದು ಎಲ್ಲಾದರೂ ಆಗಬಹುದು; ಹಿಮದ ಬೆಟ್ಟದ ಮೇಲೂ ಆಗಬಹುದು. ಬೆಳಿಗ್ಗೆ ಆರೂವರೆಯಿಂದ ಎರಡು ಗಂಟೆ ಪಾಠ, ಸಂಜೆ ನಾಲ್ಕರಿಂದ ಎರಡೂವರೆ ಗಂಟೆ ಪಾಠ, ನಡುವಿನ ಹಗಲೆಲ್ಲ ಸ್ಕೀ. ಶುಕ್ರವಾರ ಬೆಳಗಿನ ಪಾಠದೊಂದಿಗೆ ಮುಕ್ತಾಯ. ಈ ಸಲ ಹೆಸರು ಕೊಟ್ಟವರು ನೂರಾ ನಲವತ್ಮೂರು ಮಂದಿ, ಹೆಚ್ಚಿನವರು ಹೃದಯದ ತಜ್ಞರು. ಬಾಗಿಲಲ್ಲಿ ಒಂದು ಯಂತ್ರ. ಕೊರಳಿನ ಬ್ಯಾಡ್ಜು ಅದರ ಹತ್ತಿರ ಸುಳಿದರೆ ಹಸಿರು ದೀಪ, ಒಂದು ಕೀರಲು ಸದ್ದು. ಆಸಾಮಿ ಹಾಜರು.

ಮತ್ತೆ ಆ ಬುಟ್ಟಿ.

ಬುಟ್ಟಿ ಹುಟ್ಟಿದ್ದು ಒಳ್ಳೆಯದಕ್ಕೇ. ಹನ್ನೊಂದು ವರ್ಷದ ಹಿಂದೆ ಒಬ್ಬ ಡಾಕ್ಟರ ಬ್ಯಾಡ್ಜಿನ ದಾರ ಬೆಟ್ಟ ಹತ್ತಿಸುವ ತಂತಿ ಲಿಫ್ಟಿನ ಕುರ್ಚಿಗೆ ಸಿಕ್ಕಿಕೊಂಡು, ಇಳಿಯುವ ಕಡೆ ಇಳಿಯಲಾಗದೆ ಕೊರಳಲ್ಲೇ ನೇತಾಡಿದರು. ಪ್ರಾಣಕ್ಕೇನೂ ಆಗಲಿಲ್ಲ. ಅಂದಿನಿಂದ ಬೆಟ್ಟಕ್ಕೆ ಹೋಗುವವರು ಬ್ಯಾಡ್ಜನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿ ಹೋಗಬೇಕು, ಸಂಜೆ ಬಂದು ತೊಟ್ಟುಕೊಳ್ಳಬೇಕು ಎಂದಾಯಿತು. ಆದರೆ ಲಿಫ್ಟು ನಿಲ್ಲುವುದು ನಾಲ್ಕಕ್ಕೆ, ಪಾಠ ಶುರುವಾಗುವುದೂ ನಾಲ್ಕಕ್ಕೆ. ಬೂಟು ಬಿಚ್ಚಿ, ಬಿಸಿನೀರಿನ ತೊಟ್ಟಿಯಲ್ಲಿ ಮೈ ಕಾಸಿಕೊಂಡು, ಒಂದು ಲೋಟ ಏರಿಸಿ ಬರುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಬರುವವರೇ ತಾನೇ, ಬುಟ್ಟಿಯನ್ನು ಒಂದು ಸಲ ಯಂತ್ರದ ಮುಂದೆ ಆಡಿಸಿಬಿಡಿ ಎಂದು ಮೊದಲು ಹೇಳಿದವರು ಯಾರೋ, ಇಂದು ಯಾರಿಗೂ ನೆನಪಿಲ್ಲ. ಪುಣ್ಯ ಮಾಡಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ; ಇಂಥದಕ್ಕೆ ಹೆಸರಿರುವುದಿಲ್ಲ.

ಮಂಗಳವಾರ ಸಂಜೆ ನಾಲ್ಕು. ಎಲ್ವೀರಾ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಮೊರದಲ್ಲಿ ಕೇರುವ ಹಾಗೆ ಯಂತ್ರದ ಮುಂದೆ ಆಡಿಸುತ್ತಾರೆ. ಜೀರುಂಡೆಗಳ ಹಿಂಡು ಎದ್ದ ಹಾಗೆ ಕೀರಲು. ಅರ್ಧ ನಿಮಿಷದಲ್ಲಿ ನೂರಾ ಆರು ಡಾಕ್ಟರು ಒಳಗೆ ಹೋಗುತ್ತಾರೆ. ಬಾಗಿಲು ಅಲುಗುವುದಿಲ್ಲ, ಯಾರ ಉಸಿರೂ ತಾಕುವುದಿಲ್ಲ.

"ಸೋಮವಾರ ಆಡಿಸಿದೆ, ಮಂಗಳವಾರ ಆಡಿಸಿದೆ, ನಾಳೆನೂ ಆಡಿಸ್ತೀನೇನೋ," ಎನ್ನುತ್ತಾರೆ. "ಪತ್ರಿಕೆಯವರು ಬಂದ್ರು ಅಂತ ಒಳ್ಳೆಯವಳ ವೇಷ ಹಾಕೋದು ಬೇಡ."

ಒಳಗೆ ಆಟ್ಲಾಂಟಾದಿಂದ ಬಂದ ಪ್ರಾಧ್ಯಾಪಕರು ಮಾತಾಡುತ್ತಿದ್ದಾರೆ. ಪರದೆಯ ಮೇಲೆ ನಿಂತುಹೋದ ಹೃದಯದ ಗೆರೆ, ನೆಟ್ಟಗೆ. ಮೊದಲ ನಾಲ್ಕು ನಿಮಿಷ ಎಷ್ಟು ಮುಖ್ಯ ಎಂದು ಅವರು ಹೇಳುತ್ತಿದ್ದಾರೆ. ಇಡೀ ಉಪನ್ಯಾಸ ಚಿತ್ರೀಕರಣವಾಗುತ್ತಿರುವುದರಿಂದ ತಮಾಷೆ ಮಾಡಿದ ಕಡೆ ನಿಂತು, ನಗುವಿಗೆ ಜಾಗ ಬಿಟ್ಟು, ಮುಂದುವರಿಯುತ್ತಾರೆ. ನಗುವವರಿಲ್ಲ. ಹಾಜರಿಯ ಪ್ರಕಾರ ಒಳಗಿರುವವರು ನೂರಾ ಮೂವತ್ತೆಂಟು. ಎಲ್ವೀರಾರ ಕೈಯಲ್ಲಿರುವ ನೀಲಿ ಪುಸ್ತಕದ ಪ್ರಕಾರ ಮೂವತ್ತೊಂದು. ಕಳೆದ ಮಾರ್ಚಿನಿಂದ ಈ ಪುಸ್ತಕ ಅವರ ಜೊತೆಗಿದೆ. ತಾವು ಕಣ್ಣಾರೆ ಕಂಡವರ ಹೆಸರನ್ನು ಮಾತ್ರ ಅದರಲ್ಲಿ ಬರೆಯುತ್ತಾರೆ. ಯಾರೂ ಬರೆಯಲು ಹೇಳಿಲ್ಲ, ಯಾರೂ ಕೇಳಿಲ್ಲ.

ಎಲ್ವೀರಾ ಇಲ್ಲಿ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಇಪ್ಪತ್ತೆರಡು ವರ್ಷ ಕೋಣೆ ಗುಡಿಸಿದರು, ದಿನಕ್ಕೆ ಹದಿನಾರು ಹಾಸಿಗೆ. ಮಂಡಿ ಸವೆದ ಮೇಲೆ ಬಾಗಿಲಿಗೆ ಹಾಕಿದರು. ಬಾಗಿಲಲ್ಲಿ ಕೂರುವಂತಿಲ್ಲ, ನೂರಾ ಅರವತ್ತೆಂಟು ಕುರ್ಚಿಯಲ್ಲಿ ಒಂದೂ ಅವರದ್ದಲ್ಲ. ಕಣಿವೆ ದಾಟಿ ಬರಲು ಬಸ್ಸಿನಲ್ಲಿ ಐವತ್ತು ನಿಮಿಷ. ಹಿಮ ಕುಸಿದು ದಾರಿ ಮುಚ್ಚಿದರೆ ಅವರೂ ಡೆಲ್ಫಿನಾರೂ ಅಗಸರ ಕೋಣೆಯಲ್ಲಿ ಒಗೆದ ಹಾಸುಬಟ್ಟೆಗಳ ಮೇಲೆ ಮಲಗುತ್ತಾರೆ. ಗಂಡ ಯುಸೇಬಿಯೊ ಗಣಿಯಲ್ಲಿದ್ದವರು. ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತಿದೆ. ಮೂಗಿಗೆ ಕೊಳವೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು.

"ದಿನಕ್ಕೆ ನೂರಾ ನಲವತ್ಮೂರು ಡಾಕ್ಟರ ಹೆಸರು ನನ್ನ ಕೈಮೇಲೆ ಹಾದು ಹೋಗುತ್ತೆ," ಎನ್ನುತ್ತಾರೆ ಎಲ್ವೀರಾ. "ನಮ್ಮನೆಯವರಿಗೆ ಡಾಕ್ಟರು ಸಿಗೋದು ಜೂನ್ ಹದಿನೇಳಕ್ಕೆ. ಅದೂ ಎರಡೂವರೆ ಗಂಟೆ ದಾರಿ."

ಅವರ ತಂದೆ ಕಾಸಿಮಿರೊ ಅದೇ ಗಣಿಯ ಬಾಯಲ್ಲಿ ಬಿಲ್ಲೆಹಲಗೆ ನೋಡಿಕೊಳ್ಳುತ್ತಿದ್ದರು. ಒಳಗಿಳಿಯುವ ಪ್ರತಿಯೊಬ್ಬನೂ ತನ್ನ ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ನೇತುಹಾಕಿ ಇಳಿಯಬೇಕು, ಮೇಲೆ ಬಂದ ಮೇಲೆ ತಾನೇ ತೆಗೆದುಕೊಳ್ಳಬೇಕು. ಪಾಳಿ ಮುಗಿದಾಗ ಮೊಳೆಯಲ್ಲಿ ಬಿಲ್ಲೆ ಉಳಿದಿದ್ದರೆ ಒಬ್ಬ ಮನುಷ್ಯ ಕೆಳಗೆ ಉಳಿದಿದ್ದಾನೆ. ಆಗ ಯಾರೂ ಮನೆಗೆ ಹೋಗುವ ಹಾಗಿಲ್ಲ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟಿದರೆ ಅಂದೇ ಕೆಲಸದಿಂದ ಹೊರಗೆ. ಚಳಿಗಾಲದ ಒಂದು ಸಂಜೆ ಹಾಗೆ ಒಂದು ಬಿಲ್ಲೆ ಉಳಿಯಿತು. ಎಂಬತ್ತು ಮಂದಿ ಮತ್ತೆ ಕೆಳಗಿಳಿದು ಮೂರು ಗಂಟೆ ಹುಡುಕಿದರು. ಬಿಲ್ಲೆಯ ಯಜಮಾನ ಹಿಂದಿನ ದಾರಿಯಿಂದ ಮೇಲೆ ಬಂದು ಹೆಂಡದಂಗಡಿಯಲ್ಲಿ ಹಾಡುತ್ತಿದ್ದ. ಊರೆಲ್ಲ ನಕ್ಕಿತು, ಮೇಲಧಿಕಾರಿ ಉಗಿದ. ಮನೆಗೆ ಬಂದ ಕಾಸಿಮಿರೊ ಕೈ ತೊಳೆದು ಊಟಕ್ಕೆ ಕೂತು ಒಂದೇ ಮಾತು ಹೇಳಿದರು: "ಸಿಕ್ಕಿದ್ನಲ್ಲ."

"ಅಂಥವನ ಮಗಳು ನಾನು," ಎನ್ನುತ್ತಾರೆ ಎಲ್ವೀರಾ. "ಬುಟ್ಟಿ ಆಡಿಸಿದೆ. ಒಂಬತ್ತು ವರ್ಷ. ಒಂದು ದಿನಾನೂ ಅಪ್ಪನ ನೆನಪಾಗಲಿಲ್ಲ ನೋಡಿ. ಅದು ಹಿತ್ತಾಳೆ, ಇದು ಪ್ಲಾಸ್ಟಿಕ್. ಅಷ್ಟೇ ವ್ಯತ್ಯಾಸ."

ಆ ಗುರುವಾರ ನೊವೊಟ್ನಿಯವರ ಬ್ಯಾಡ್ಜು ಬುಟ್ಟಿಯಲ್ಲಿತ್ತು. ಹೆಂಡತಿ ಲೊರೇನ್ ಫೋನು ಮಾಡಿದಾಗ ಎಲ್ವೀರಾ ಯಂತ್ರದ ಪರದೆ ನೋಡಿದರು. ಹಸಿರು ಇತ್ತು. "ಒಳಗಿದ್ದಾರೆ ಅಮ್ಮ, ಪಾಠ ನಡೀತಿದೆ" ಎಂದರು. "ಪಾಠ ಇದ್ರೂ ಅವರು ದಿನಾ ನಾಲ್ಕೂವರೆಗೆ ಫೋನು ಮಾಡ್ತಾರೆ, ಇವತ್ತು ಮಾಡಲಿಲ್ಲ" ಎಂದರು ಲೊರೇನ್. ಎರಡನೆಯ ಸಲ ಎಲ್ವೀರಾ ಬಾಗಿಲು ಸರಿಸಿ ಇಣುಕಿಯೂ ನೋಡಿದರು. ದೀಪ ಆರಿಸಿದ್ದರು. ನಾಲ್ಕನೇ ಸಾಲಿನಲ್ಲಿ, ಏಳನೇ ಕುರ್ಚಿಯಲ್ಲಿ, ಯಾರೋ ಕೂತ ಹಾಗೆ ಕಂಡಿತು.

"ಕೂತಿದ್ರು," ಎನ್ನುತ್ತಾರೆ. ಆಮೇಲೆ ತಾವೇ ತಿದ್ದಿ, "ಕೂತ ಹಾಗೆ ಇತ್ತು," ಎನ್ನುತ್ತಾರೆ.

ಒಂಬತ್ತಕ್ಕೆ ಲೊರೇನ್ ಹೋಟೆಲಿನವರನ್ನು ಎಬ್ಬಿಸಿ ಕೋಣೆ ತೆಗೆಸಿದರು. ಹತ್ತಕ್ಕೆ ಗಸ್ತಿನವರು ಬೆಟ್ಟ ಹತ್ತಿದರು. ಎಲ್ವೀರಾ ಅಷ್ಟರಲ್ಲಿ ಬಸ್ಸು ಹಿಡಿದು ಮನೆ ಸೇರಿದ್ದರು, ಯಾರೂ ತಿಳಿಸಲಿಲ್ಲ. ಬೆಳಿಗ್ಗೆ ಬಂದವರು ಎಂದಿನಂತೆ ಬುಟ್ಟಿ ಆಡಿಸಿದರು. ಯಾರೂ ತೆಗೆದುಕೊಳ್ಳದ ಬ್ಯಾಡ್ಜು ಅದರಲ್ಲೇ ಇತ್ತು.

ನೊವೊಟ್ನಿಯವರನ್ನು ಕಂಡುಹಿಡಿದದ್ದು ಗಸ್ತಿನ ಆರ್ಲೋ ಡೀಟ್ಸ್. ಊಟದ ಮನೆಯ ಮೂಲೆಯಲ್ಲಿ ಬಿಸಿ ಸೂಪಿನ ಬಟ್ಟಲನ್ನು ಕೈಗಳ ನಡುವೆ ಹಿಡಿದು ಅವರು ಹೇಳುತ್ತಾರೆ: "ನೂರೆಂಬತ್ತು ಅಡಿ ತೆವಳಿದ್ರು. ಲಿಫ್ಟಿನ ಕಂಬದ ದೀಪದ ಕಡೆಗೆ. ಕೈಗಡಿಯಾರ ಬಿಚ್ಚಿ ಹಿಮದ ಮೇಲೆ ಮುಂದಿಟ್ಕೊಂಡಿದ್ರು, ಎರಡು ಬೆರಳು ಮಣಿಕಟ್ಟಿನ ಮೇಲೆ. ಹೃದಯದ ಡಾಕ್ಟರಲ್ವಾ. ತನ್ನ ನಾಡಿ ತಾನೇ ಎಣಿಸ್ತಿದ್ರು ಅನ್ಸುತ್ತೆ."

ಆ ಸಂಜೆಯ ಪಾಠ ನಾಡಿಯ ಏರುಪೇರಿನ ಬಗ್ಗೆ.

ತನಿಖೆ ಬಂತು, ಹೋಯಿತು. ಬೆಟ್ಟದ ಮುಚ್ಚಿದ ಭಾಗಕ್ಕೆ ಹೋದದ್ದು ಸತ್ತವರದೇ ತಪ್ಪು ಎಂದಾಯಿತು. ಎಲ್ವೀರಾ ಸಮ್ಮೇಳನ ನಡೆಸುವ ಸಂಸ್ಥೆಗೆ ಮೂರು ಸಲ ಅರ್ಜಿ ಕೊಟ್ಟರು. ಅವರು ಕೇಳಿದ್ದು ಇಷ್ಟೇ: ಹಾಜರಿಯಲ್ಲಿ ಮಾರ್ಚ್ ಆರರ ಸಂಜೆ, ಏಳರ ಬೆಳಿಗ್ಗೆ, ನೊವೊಟ್ನಿ ಹೆಸರಿನ ಮುಂದೆ 'ಬಂದಿಲ್ಲ' ಎಂದು ಬರೆಯಿರಿ. ಅವರ ಹೆಂಡತಿಗೆ ಒಂದು ಕಾಗದ ಹಾಕಿ.

ಸಂಸ್ಥೆಯ ವ್ಯವಸ್ಥಾಪಕ ಟ್ಯಾನರ್ ಲೀಬೋಲ್ಡ್‌ಗೆ ಮೂವತ್ನಾಲ್ಕು ವರ್ಷ. ಕೆಟ್ಟ ಮನುಷ್ಯನೇನಲ್ಲ. ಎಲ್ಲರ ಹೆಸರೂ ಅವನಿಗೆ ಗೊತ್ತು, ಎಲ್ಲರ ಹುಟ್ಟಿದ ದಿನಕ್ಕೂ ಕೇಕು ತರಿಸುತ್ತಾನೆ. "ಎಲ್ವೀರಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ," ಎಂದ. "ಆದರೆ ಆ ವರ್ಷದ ಹಾಜರಿ ಮುಗಿದು ಬೀಗ ಬಿದ್ದಿದೆ. ಒಂದು ಸಾಲು ಸುಳ್ಳು ಅಂತ ನಾವೇ ಬರೆದರೆ, ಉಳಿದ ಸಾಲುಗಳ ಗತಿ ಏನು?"

"ಅದನ್ನೇ ನಾನೂ ಕೇಳ್ತಿರೋದು ಮಿಹೋ," ಎಂದರು ಎಲ್ವೀರಾ. ಮಿಹೋ ಎಂದರೆ ಮಗನೇ. ಗಲೀನಾದ ಹೆಂಗಸರು ಮುದ್ದಿಗೂ ಬೈಗುಳಕ್ಕೂ ಅದೊಂದೇ ಮಾತು ಬಳಸುತ್ತಾರೆ. ಇದು ಯಾವುದಕ್ಕೆಂದು ಟ್ಯಾನರ್‌ಗೆ ಹೊಳೆಯಲಿಲ್ಲ.

ಆ ಸುಳ್ಳು ಸಾಲು ಸುಮ್ಮನೆ ಬಿದ್ದಿರಲಿಲ್ಲ. ಕಳೆದ ವರ್ಷ ಪಾಠ ಪೂರೈಸಿದವರ ಹೆಸರುಗಳೆಲ್ಲ ಈ ವರ್ಷದ ಪಟ್ಟಿಗೆ ತಾವಾಗಿ ಬರುತ್ತವೆ. ಸೋಮವಾರ ಬೆಳಿಗ್ಗೆ ಬ್ಯಾಡ್ಜುಗಳನ್ನು ಅಕ್ಷರದ ಪ್ರಕಾರ ಜೋಡಿಸುವಾಗ ಎಲ್ವೀರಾರ ಕೈಗೆ ಒಂದು ಬಂತು: ವೆಂಡೆಲ್ ನೊವೊಟ್ನಿ. ಕೆಳಗೆ, ಎರಡನೆಯ ಸಲ ಬರುವವರಿಗೆಂದು ಅಂಟಿಸುವ ಚಿನ್ನದ ಬಣ್ಣದ ಪಟ್ಟಿ. ಅದರ ಮೇಲೆ 'ಮತ್ತೆ ಬಂದಿರಿ, ಸಂತೋಷ' ಎಂದಿತ್ತು.

ಎಲ್ವೀರಾ ಅದನ್ನು ಯಾರಿಗೂ ತೋರಿಸದೆ ಅಂಗಿಯ ಜೇಬಿಗೆ ಹಾಕಿಕೊಂಡರು. ಬುಟ್ಟಿಗೆ ಬೀಳಬಾರದು, ಅಷ್ಟೇ ಅವರ ಯೋಚನೆ. ಸಂಜೆ ಮನೆಗೆ ಒಯ್ದರು, ಬೆಳಿಗ್ಗೆ ತಂದರು. ಮಂಗಳವಾರ ಸಂಜೆ ಯಂತ್ರದ ಪರದೆ ನೋಡಿದರು. ನೊವೊಟ್ನಿ: ಸೋಮವಾರ ಬೆಳಿಗ್ಗೆ ಹಾಜರು, ಸೋಮವಾರ ಸಂಜೆ ಹಾಜರು, ಮಂಗಳವಾರ ಬೆಳಿಗ್ಗೆ ಹಾಜರು, ಸಂಜೆ ಹಾಜರು. ಇಡೀ ಸಮ್ಮೇಳನದಲ್ಲಿ, ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ, ಒಂದು ನಿಮಿಷವೂ ತಪ್ಪಿಸದ ಡಾಕ್ಟರು ಅವರೊಬ್ಬರೇ.

ರಾತ್ರಿ ಯುಸೇಬಿಯೊಗೆ ಹೇಳಿದರು. ಅವರು ಮೂಗಿನ ಕೊಳವೆ ಸರಿಮಾಡಿಕೊಂಡು, "ಗಣಿಯಲ್ಲೂ ಕೆಲವರು ಸತ್ತ ಮೇಲೆ ಪಾಳಿಗೆ ಬರ್ತಿದ್ರು," ಎಂದರು. "ಸಂಬಳ ಕೇಳ್ತಿರಲಿಲ್ಲ. ಕಂಪನಿಗೆ ಅಂಥವರೇ ಇಷ್ಟ."

ಬುಧವಾರ ಯಂತ್ರ ನೋಡಿಕೊಳ್ಳುವವನು ಬಂದಾಗ ಗುಟ್ಟು ಬಯಲಾಯಿತು. "ಬ್ಯಾಡ್ಜು ಎಲ್ಲಿದೆ?" ಎಂದ. ಎಲ್ವೀರಾ ಜೇಬು ಮುಟ್ಟಿ ತೋರಿಸಿದರು. ಅವನು ನಕ್ಕ. "ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಿದ್ರೆ ಆಡಿಸ್ಬೇಕು; ಒಂಟಿ ಬ್ಯಾಡ್ಜಾದ್ರೆ ಬಟ್ಟೆ ಅಡ್ಡ ಬಂದ್ರೂ ಇದಕ್ಕೆ ಗೊತ್ತಾಗುತ್ತೆ ಮೇಡಂ. ನೀವು ಬಾಗಿಲಿಗೆ ಬಂದಾಗೆಲ್ಲ ಅವರೂ ಬರ್ತಾರೆ."

"ಅವನು ನಗ್ತಾ ಹೇಳಿದ," ಎನ್ನುತ್ತಾರೆ ಎಲ್ವೀರಾ. "ಅಂದ್ರೆ ಇಷ್ಟು ದಿನ ನಾನೇ ಅವರನ್ನ ಎದೆ ಮೇಲಿಟ್ಕೊಂಡು ಒಳಗೆ ಕರ್ಕೊಂಡು ಬರ್ತಿದ್ದೆ. ಬಸ್ಸಲ್ಲಿ. ಕತ್ತಲಲ್ಲಿ."

ನಾಲ್ಕನೇ ಸಾಲಿನ ನೀರು ಯಾವ ಯಂತ್ರದ ಲೆಕ್ಕಕ್ಕೂ ಸೇರಿರಲಿಲ್ಲ.

ಅವನು ಹೋದ ಮೇಲೆ ಎಲ್ವೀರಾ ಒಂದು ಕೆಲಸ ಮಾಡಿದರು. ಬ್ಯಾಡ್ಜು ಹಿಡಿದು ಬಾಗಿಲಿನಿಂದ ಮೊಗಸಾಲೆಯ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಡೆಲ್ಫಿನಾ ದೀಪ ನೋಡುತ್ತ ನಿಂತರು. ಎಂಟನೆಯ ಹೆಜ್ಜೆಯವರೆಗೂ ಹಸಿರು. ಒಂಬತ್ತನೆಯದರಲ್ಲಿ ದೀಪ ಆರಿತು. ಅಲ್ಲಿ ಗೋಡೆಯಲ್ಲಿ ಕೋಟು ನೇತುಹಾಕುವ ಮೊಳೆಗಳ ಸಾಲಿದೆ.

ಗುರುವಾರ ಮಧ್ಯಾಹ್ನದಿಂದ ಬಿರುಗಾಳಿ. ಎರಡಕ್ಕೇ ಮೇಲಿನ ಲಿಫ್ಟುಗಳನ್ನು ನಿಲ್ಲಿಸಿದರು. ಕಿಟಕಿಯ ಆಚೆ ಬೆಟ್ಟವಿಲ್ಲ, ಮರವಿಲ್ಲ, ಬರೀ ಬಿಳುಪು. ನಾಲ್ಕಕ್ಕೆ ಎಲ್ವೀರಾ ಬುಟ್ಟಿಯನ್ನು ಮುಟ್ಟದೆ ನಿಂತಿದ್ದರು. ಟ್ಯಾನರ್ ಬಂದು ತಾನೇ ಎತ್ತಿ ಆಡಿಸಿದ. ಜೀರುಂಡೆಗಳು ಎದ್ದು ಅಡಗಿದವು.

ಐದಕ್ಕೆ ಹತ್ತು ನಿಮಿಷವಿರುವಾಗ ಫೋನು ರಿಂಗಾಯಿತು. ಕಾನ್ಸಾಸ್‌ನಿಂದ ಒಬ್ಬ ಗಂಡಸು. ಹೆಂಡತಿ ಡಾಕ್ಟರ್ ನಾಡೀನ್ ಪೊಟ್ಟೆಬಾಮ್ ಎರಡು ಗಂಟೆಯಿಂದ ಫೋನು ಎತ್ತುತ್ತಿಲ್ಲ, ಒಳಗಿದ್ದಾರಾ?

ಎಲ್ವೀರಾ ನೀಲಿ ಪುಸ್ತಕ ತೆರೆದರು. ಬೆಳಿಗ್ಗೆಯ ಹಾಳೆಯಲ್ಲಿ ಆ ಹೆಸರಿತ್ತು. ಸಂಜೆಯದರಲ್ಲಿ ಇಲ್ಲ. ಟ್ಯಾನರ್ ಪರದೆಯನ್ನು ಅವರ ಕಡೆ ತಿರುಗಿಸಿ ಬೆರಳಿಟ್ಟ. ಹಸಿರು.

"ಒಳಗಿದ್ದಾರೆ ಅಂತ ಹೇಳಿ," ಎಂದು ಪಿಸುಗುಟ್ಟಿದ.

ಎಲ್ವೀರಾ ಅವನ ಮುಖ ನೋಡುತ್ತಲೇ ಫೋನಿಗೆ ಹೇಳಿದರು: "ನಾನವರನ್ನ ನೋಡಿಲ್ಲ ಸ್ವಾಮಿ. ಬೆಳಿಗ್ಗೆ ಬಂದಿದ್ರು. ಆಮೇಲೆ ನೋಡಿಲ್ಲ. ಫೋನಿಡಬೇಡಿ." ಇನ್ನೊಂದು ಕೈಯಲ್ಲಿ ಗಸ್ತಿನವರ ಫೋನು ಎತ್ತಿಕೊಂಡರು.

ಹದಿನಾಲ್ಕು ಮಂದಿ ಗಸ್ತಿನವರು ಆ ಗಾಳಿಯಲ್ಲಿ ಬೆಟ್ಟ ಹತ್ತಿದರು. ಪಾಠ ನಿಂತಿತು, ದೀಪ ಹೊತ್ತಿತು. ದೊಡ್ಡ ಸಭಾಂಗಣದಲ್ಲಿ ಇಪ್ಪತ್ತಾರು ಜನ ಒಬ್ಬರನ್ನೊಬ್ಬರು ಮೊದಲ ಸಲ ಕಂಡವರ ಹಾಗೆ ನೋಡಿಕೊಂಡರು. ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಡಾಕ್ಟರ್ ಪೊಟ್ಟೆಬಾಮ್ ಸಿಕ್ಕಿದರು. ನೆಲಮಹಡಿಯ ಮಾಲೀಶಿನ ಕೋಣೆಯಲ್ಲಿ ನಿದ್ದೆ ಹೋಗಿದ್ದರು, ಫೋನು ಬೀರುವಿನಲ್ಲಿ.

ಮೀಸೆಯ ಮೇಲೆ ಮಂಜುಗಟ್ಟಿದ ಆರ್ಲೋ ಬಾಗಿಲಿಗೆ ಬಂದು ಕೈಗವುಸು ಕಳಚಿದರು. "ಎಲ್ವೀರಾ, ನಿಮ್ಮ ಡಾಕ್ಟರಮ್ಮ ಎಣ್ಣೆ ಹಚ್ಚಿಸ್ಕೊಂಡು ಮಲಗಿದ್ರು! ನಾವು ಹದಿನಾಲ್ಕು ಜನ ಮೂಗು ಉದುರಿಸ್ಕೊಂಡು ಬಂದ್ವಿ."

"ಸಿಕ್ಕಿದ್ರಲ್ಲ," ಎಂದರು ಎಲ್ವೀರಾ.

ಆರ್ಲೋ ಅವರನ್ನು ನೋಡಿದರು, ನಗು ನಿಲ್ಲಿಸಿದರು, ಟೋಪಿ ಮುಟ್ಟಿ ಹೋದರು.

ಶುಕ್ರವಾರ, ಕೊನೆಯ ದಿನ. ಬೆಳಗಿನ ಐದೂಮುಕ್ಕಾಲು. ಗಾಳಿ ನಿಂತು, ಲೋಕವೇ ಕಿವುಡಾದ ಹಾಗೆ ಹಿಮ ಬಿದ್ದಿದೆ. ಎಲ್ವೀರಾ ಇಂದು ಸಭಾಂಗಣಕ್ಕೆ ಮೊದಲು ಹೋಗುವುದಿಲ್ಲ. ಮೊಗಸಾಲೆಯಲ್ಲಿ ನಿಂತು, ಜೇಬಿನಿಂದ ಬ್ಯಾಡ್ಜು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಒಂಬತ್ತನೆಯ ಹೆಜ್ಜೆಯ ಮೊಳೆಗೆ ನೇತುಹಾಕುತ್ತಾರೆ. ಚಿನ್ನದ ಪಟ್ಟಿಯನ್ನು ಕಿತ್ತು ಕಸದ ಡಬ್ಬಿಗೆ ಹಾಕುತ್ತಾರೆ. ಆಮೇಲೆ ಬೀಗ ತೆಗೆದು, ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಹೋಗುತ್ತಾರೆ. ನಾಲ್ಕನೇ ಸಾಲಿಗೆ ಬಗ್ಗಿ ಕೈಯಿಂದ ಮುಟ್ಟಿ ನೋಡುತ್ತಾರೆ. ನೆಲ ಒಣಗಿದೆ.

ಆರೂವರೆಗೆ ಪರದೆಯಲ್ಲಿ ಹೆಸರುಗಳು ಒಂದೊಂದಾಗಿ ಹಸಿರಾಗುತ್ತವೆ. ನೊವೊಟ್ನಿ ಎಂಬಲ್ಲಿ ಮಾತ್ರ ಬಣ್ಣವಿಲ್ಲ. ಪಕ್ಕದಲ್ಲಿ ಯಂತ್ರ ತಾನೇ ಬರೆದಿದೆ: ಬಂದಿಲ್ಲ. ಬೀಗ ಬಿದ್ದ ಹಳೆಯ ಹಾಜರಿ ಹಾಗೇ ಇದೆ. ಆದರೂ ಎಲ್ವೀರಾ ಆ ಒಂದು ಪದವನ್ನು ಸಾವಕಾಶವಾಗಿ, ತುಟಿಯಾಡಿಸಿ, ಎರಡು ಸಲ ಓದುತ್ತಾರೆ. ನೀಲಿ ಪುಸ್ತಕದಿಂದ ಒಂದು ಹಾಳೆ ಹರಿದು ಅದನ್ನೇ ಬರೆಯುತ್ತಾರೆ, ಕೆಳಗೆ ತಮ್ಮ ಹೆಸರು ಹಾಕುತ್ತಾರೆ. ಲೊರೇನ್ ನೊವೊಟ್ನಿಯವರ ವಿಳಾಸ ಅವರಿಗೆ ಬಾಯಿಪಾಠ.

ಟ್ಯಾನರ್ ಕಾಫಿ ಲೋಟ ಹಿಡಿದು ಮೊಗಸಾಲೆಯಲ್ಲಿ ಬರುತ್ತಾನೆ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. "ನಿನ್ನೆಯ ವಿಷಯ ಎಲ್ಲ ಮುಗಿದ ಮೇಲೆ ಕೂತು ಮಾತಾಡೋಣ ಎಲ್ವೀರಾ," ಎನ್ನುತ್ತಾನೆ. ಅಷ್ಟರಲ್ಲಿ ಗೋಡೆ ಕಾಣುತ್ತದೆ. ಹೆಸರು ಓದುತ್ತಾನೆ. ಲೋಟ ಕೆಳಗಿಡುತ್ತಾನೆ.

"ಇದು ಇಲ್ಲಿಗೆ ಹೇಗೆ ಬಂತು?"

"ನಿನ್ನ ಪಟ್ಟಿಯಿಂದ ಬಂತು ಮಿಹೋ."

"ಎಂಟೂವರೆಗೆ ಎಲ್ಲರೂ ಈ ದಾರಿಯಲ್ಲೇ ಹೊರಗೆ ಬರ್ತಾರೆ. ನೋಡ್ತಾರೆ. ಕೇಳ್ತಾರೆ."

"ಕೇಳ್ಲಿ."

"ದಯವಿಟ್ಟು ತೆಗೀರಿ. ಇದನ್ನ ನಾನು ಕೋರಿಕೆ ಅಂತ ಹೇಳ್ತಿಲ್ಲ."

ಬೆಟ್ಟದ ಮೇಲೆ ಆ ದಿನದ ಮೊದಲ ಸಿಡಿಮದ್ದು. ಮೊಗಸಾಲೆಯ ಗಾಜುಗಳು ನಡುಗುತ್ತವೆ. ಖಾಲಿ ಮೊಳೆಗಳ ಸಾಲಿನಲ್ಲಿ ಒಂದೇ ಒಂದು ಬ್ಯಾಡ್ಜು, ಬೆನ್ನು ತಿರುಗಿಸಿ, ಮತ್ತೆ ಮುಖ ತಿರುಗಿಸಿ, ಮೆಲ್ಲಗೆ ಆಡುತ್ತದೆ. ಎಲ್ವೀರಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ.

"ನಾನು ಮುಟ್ಟಲ್ಲ," ಎನ್ನುತ್ತಾರೆ. "ಅದರ ಯಜಮಾನ ಬಂದು ತೆಗೀಲಿ."